ಪಿಂಜಾರ ನಬಿಸಾಬನ ಶಿಫಾರಸು

ಕೋರ್ಟಿನ ನಾಜರ ಮಾಣಿಕಪ್ಪ ಬೆಳಿಗ್ಗೆ ಏಳು ಗಂಟೆಗೇ ಓಣಿಗೆ ಬಂದು, “ನಬಿಸಾಬ್, ಹನ್ನೊಂದರೊಳಗ ಒಂದು ಗಾದಿ ತಯಾರಾಗಬೇಕು ನೋಡು” ಎಂದು ಕೂಗದೆ ಹೋಗಿದ್ದರೆ, ಪಿಂಜಾರ ನಬಿಸಾಬ ಅವತ್ತೂ ಎಂದಿನಂತೆ ಹತ್ತಿ ಬಡಿದು, ಎರಡು ರೊಟ್ಟಿ ತಿಂದು, ತನ್ನ ದುಃಖವನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗಿಬಿಡುತ್ತಿದ್ದ. ಆದರೆ ಕೆಡುವ ದಿನ ಯಾವತ್ತೂ ಬೇಗ ಏಳುತ್ತದೆ.

“ಯಾರಿಗ್ರೀ ಗಾದಿ?”

“ಹೈದರಾಬಾದಿಂದ ದೊಡ್ಡ ಜಡ್ಜ್ ಸಾಹೇಬರು ತಪಾಸಣಿಗೆ ಬರ್ಲಾಕತ್ತಾರ. ಅವರಿಗೆ ಮೂಲವ್ಯಾಧಿ ಅದಂತ. ಕಟ್ಟಿಗಿ ಕುರ್ಚಿ ಮ್ಯಾಲ ಕೂತ್ರು ಅಂದ್ರ ಯಾರದರೇ ನೌಕರಿ ಹೋಗ್ತದ. ಯಾರದು ಹೋಗಬೇಕಾದ್ರೂ ಮೊದಲು ನಂದು ಹೋಗ್ತದ.”

ನಾಜರನೆಂದರೆ ಕೋರ್ಟಿನ ಮೇಜು, ಕುರ್ಚಿ, ಶಾಯಿ, ಕುಡಿಯುವ ನೀರಿನ ಗಡಿಗೆ ನೋಡಿಕೊಳ್ಳುವವನು. ನ್ಯಾಯವೊಂದನ್ನು ಬಿಟ್ಟು ಆ ಕೋರ್ಟಿನಲ್ಲಿ ಉಳಿದದ್ದೆಲ್ಲ ಮಾಣಿಕಪ್ಪನ ಜವಾಬ್ದಾರಿ.

ನಬಿಸಾಬ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟ. ಅಂಗಳದಲ್ಲಿ ಹಾಳು ಬಾವಿ ಇದ್ದುದರಿಂದ ಜನ ಬಾವಿಕಟ್ಟಿ ಕೋರ್ಟು ಎನ್ನುತ್ತಿದ್ದ ಆ ಕೋರ್ಟಿನಲ್ಲೇ ಅವನ ಮನೆಯ ದಾವೆ ಹದಿನೇಳು ತಿಂಗಳಿಂದ ಕೂತಿತ್ತು.

ನಬಿಸಾಬ ಕಮಲಾಪುರದವನು. ಹೈದರಾಬಾದಿನ ಮೇಲೆ ಪೋಲೀಸ್ ಆಕ್ಷನ್ ಆದ ಆ ಸೆಪ್ಟೆಂಬರಿನಲ್ಲಿ ಊರೂರಿಗೆ ಬೆಂಕಿ ಬಿದ್ದಾಗ, ಪಕ್ಕದ ಮನೆಯ ಮಾನಮ್ಮ ಅವನನ್ನೂ ಹೆಂಡತಿ ಶಾಹಜಾದಿಯನ್ನೂ ಮಗಳು ಜಾಹೇದಾಳನ್ನೂ ಮೂರು ದಿನ ತನ್ನ ಜೋಳದ ಕೋಣೆಯಲ್ಲಿ ಮುಚ್ಚಿಟ್ಟು ಉಳಿಸಿದ್ದಳು. ಆಮೇಲೆ ಮೂವರೂ ಮಹಾಗಾಂವದ ತೊಗರಿ ಹೊಲಗಳಲ್ಲಿ ಬಗ್ಗಿಕೊಂಡು ನಡೆದು ಕಲಬುರಗಿ ಸೇರಿದರು. ಇಪ್ಪತ್ತೆರಡು ಮೈಲು ದಾರಿ. ಎರಡು ತಿಂಗಳ ಮೇಲೆ ಊರು ತಣ್ಣಗಾಯಿತೆಂದು ತಿರುಗಿ ಹೋದರೆ ಮನೆಗೆ ಬೇರೆ ಬೀಗ ಬಿದ್ದಿತ್ತು. ಕೀಲಿಕೈ ಸಾಹುಕಾರ ದೇವಿಂದ್ರಪ್ಪನ ಉಡಿದಾರದಲ್ಲಿ ತೂಗುತ್ತಿತ್ತು.

“ನಬಿಸಾಬ ಪಾಕಿಸ್ತಾನಕ್ಕ ಹೋಗ್ಯಾನ. ಹೋಗೋ ಮುಂದ ಮನಿ ನನಗ ಕೊಟ್ಟು ಹೋಗ್ಯಾನ” ಎಂದು ದೇವಿಂದ್ರಪ್ಪ ನಬಿಸಾಬನ ಮುಖ ನೋಡಿಕೊಂಡೇ ಹೇಳಿದ.

ವಕೀಲ ಸಲಾವುದ್ದೀನ್ ಸಾಹೇಬರು ಕನಿಕರಪಟ್ಟು ಪುಕ್ಕಟೆ ದಾವೆ ಹೂಡಿದರು. ಪ್ರತಿ ತಾರೀಖಿಗೂ ನಬಿಸಾಬನನ್ನು ಎದುರಿಗೆ ನಿಲ್ಲಿಸಿ, “ಹುಜೂರ್, ಪಾಕಿಸ್ತಾನಕ್ಕೆ ಹೋದವನು ಇವನೇ” ಎನ್ನುತ್ತಿದ್ದರು. ಆ ಕೋರ್ಟಿನ ನ್ಯಾಯಾಧೀಶರಾದ ಮುನ್ಸಿಫರು ಫೈಲಿನಿಂದ ತಲೆ ಎತ್ತದೆ, “ಮನುಷ್ಯ ಎದುರಿಗಿರಬಹುದು. ಎದುರಿಗಿದ್ದಾನೆ ಎನ್ನುವುದಕ್ಕೆ ಫೈಲಿನಲ್ಲಿ ಕಾಗದವಿಲ್ಲ” ಎಂದು ಮುಂದಿನ ತಾರೀಖು ಕೊಡುತ್ತಿದ್ದರು. ಮಾನಮ್ಮ ಬಂದು ಸಾಕ್ಷಿ ಹೇಳಿದಳು. ನೆರೆಮನೆಯವಳ ಮಾತು ಪಕ್ಷಪಾತದ್ದು ಎಂದು ಅದನ್ನೂ ಬದಿಗಿಟ್ಟರು.

ಆ ಮುನ್ಸಿಫರು ಕುರ್ಚಿಗೆ ಬಂದ ಬಗೆಯಾದರೂ ಎಂಥದು? ಹಳಬರು ಊರು ಬಿಟ್ಟು ಹೋಗಿ ಕುರ್ಚಿಗಳು ಖಾಲಿ ಬಿದ್ದಿದ್ದ ಕಾಲ. ಪರೀಕ್ಷೆ ಪಾಸು ಮಾಡಿದವರ ಪಟ್ಟಿ ಹೈದರಾಬಾದಿನ ಯಾವುದೋ ಮೇಜಿನ ಖಾನೆಯಲ್ಲಿ ಮಲಗಿತ್ತು. ಇವರು ಯಾರದೋ ಅಳಿಯನೆಂಬ ಒಂದೇ ಪರೀಕ್ಷೆ ಪಾಸು ಮಾಡಿ, ಹಂಗಾಮಿ ಎಂದು ಬಂದು ಕೂತು ಹದಿನಾಲ್ಕು ತಿಂಗಳಾಗಿತ್ತು. ಇಳಿದುಕೊಂಡದ್ದು ದೇವಿಂದ್ರಪ್ಪನ ಕಲಬುರಗಿಯ ಮನೆಯ ಮಾಳಿಗೆಯ ಮೇಲೆ, ಬಾಡಿಗೆಯಿಲ್ಲದೆ. ಊಟ ಕೆಳಗಿನಿಂದ ಮೇಲೆ ಹೋಗುತ್ತಿತ್ತು, ನಬಿಸಾಬನ ತಾರೀಖು ಮೇಲಿನಿಂದ ಕೆಳಗೆ ಬರುತ್ತಿತ್ತು. ಊರಿಗೆಲ್ಲ ಗೊತ್ತಿದ್ದ ಸಂಗತಿ ಇದು. ಬಾಯಿ ಬಿಟ್ಟು ಹೇಳುವವರು ಮಾತ್ರ ಒಬ್ಬರೂ ಇರಲಿಲ್ಲ.

ಇತ್ತ ಕಲಬುರಗಿಯಲ್ಲಿ ಅವನಿದ್ದ ಬಾಡಿಗೆಯ ಖೋಲಿಯೂ ಕೈಬಿಡುವ ಹಾಗಿತ್ತು. ಹತ್ತಿ ಬಡಿಯುವ ಬಿಲ್ಲನ್ನು ತೂಗುಹಾಕಲು ಗಟ್ಟಿ ತೊಲೆ ಬೇಕು. ತಗಡಿನ ಖೋಲಿಯಲ್ಲಿ ತೊಲೆ ಎಲ್ಲಿಂದ ಬರಬೇಕು? ನಬಿಸಾಬ ಓಣಿಯ ಬೇವಿನ ಮರಕ್ಕೇ ಬಿಲ್ಲು ಕಟ್ಟಿ ಬಡಿಯುತ್ತಿದ್ದ. ಹತ್ತಿ ಹಾರಿ ಹಾರಿ ಮನೆಯ ಮಾಲಕಿ ಭೀಮಬಾಯಿಯ ಸಂಡಿಗೆಯ ಮೇಲೆ ಕೂರುತ್ತಿತ್ತು.

“ಈ ಅಮಾಸಿ ಒಳಗ ಖೋಲಿ ಖಾಲಿ ಮಾಡಪ್ಪ. ನಿನ್ನ ಹತ್ತಿ ತಿಂದು ತಿಂದು ನನ್ನ ಮೊಮ್ಮಕ್ಕಳ ಹೊಟ್ಯಾಗ ದುಪ್ಪಟಿ ತಯಾರಾಗ್ಯಾವ” ಎಂದು ಅವಳು ಖಡಾಖಂಡಿತ ಹೇಳಿಬಿಟ್ಟಿದ್ದಳು. ಅಮಾವಾಸ್ಯೆಗೆ ಇನ್ನು ಒಂಬತ್ತೇ ದಿನ ಉಳಿದಿತ್ತು. ಅಷ್ಟರಲ್ಲಿ ಕಮಲಾಪುರದ ಮನೆ ಕೈಗೆ ಬರದಿದ್ದರೆ ಮೂವರಿಗೂ ಬೇವಿನ ಮರವೇ ಗತಿ.

ದೊಡ್ಡ ಜಡ್ಜರ ಸುದ್ದಿ ಕೇಳಿದ್ದೇ ತಡ, ಓಣಿಯ ಬುದ್ಧಿವಂತರೆಲ್ಲ ಮರದ ಕೆಳಗೆ ಜಮೆಯಾದರು.

“ಬರೇ ಗಾದಿ ಕೊಟ್ಟು ಬರಬ್ಯಾಡ. ಸಾಹೇಬರ ಕಾಲಿಗೆ ಬೀಳು” ಎಂದಳು ಭೀಮಬಾಯಿ.

ಗಾದಿಗೆ ಗವಸಣಿಗೆ ಹೊಲಿಯುತ್ತಿದ್ದ ದರ್ಜಿ ಮಾಪಣ್ಣ ಒಮ್ಮೆ ಯಾರದೋ ಖಟ್ಲೆಯಲ್ಲಿ ಸಾಕ್ಷಿ ಹೇಳಿದ್ದ. ಅಂದಿನಿಂದ ಕಾಯ್ದೆಯೆಲ್ಲ ತನ್ನ ನಾಲಿಗೆಯ ಮೇಲಿದೆ ಎಂದು ನಂಬಿದ್ದ. “ಕಾಲಿಗೆ ಬೀಳೂದು ಕಾಯ್ದೇದಾಗ ಇಲ್ಲ. ಅಳಬೇಕು. ಆದ್ರ ಜೋರಲೆ ಅಳಬಾರದು. ಜೋರಲೆ ಅತ್ರ ದಂಡ ಹಾಕ್ತಾರ.”

ಶಾಹಜಾದಿ ಮಾತ್ರ ಹತ್ತಿ ಅಳೆದು ಕೊಡುತ್ತ ಮೆಲ್ಲಗೆ ಹೇಳಿದಳು: “ಜಾಹೇದಾಳ ಅಬ್ಬಾ, ಬಾಯಿ ಮುಚ್ಕೊಂಡು ಹೋಗಿ ಬಾಯಿ ಮುಚ್ಕೊಂಡು ಬರ್ರಿ. ನೀವು ಬಾಯಿ ತೆರದಾಗೊಮ್ಮಿ ನಮಗ ಇದ್ದ ನೆಳ್ಳೂ ಹೋಗ್ತದ.”

ಹತ್ತೂವರೆಗೆ ಗಾದಿ ಸಿದ್ಧವಾಯಿತು. ನಬಿಸಾಬ ಅದನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು, ಮಾಪಣ್ಣನ ಜೊತೆ ಬಾವಿಕಟ್ಟಿ ಕೋರ್ಟಿಗೆ ಹೋಗಿ ನ್ಯಾಯಾಧೀಶರ ಕುರ್ಚಿಗೆ ಹಾಕಿದ.

ಪಿಂಜಾರರಲ್ಲಿ ಒಂದು ಪದ್ಧತಿ ಉಂಟು. ಹೊಸ ಗಾದಿಯನ್ನು ಅದು ಇರಬೇಕಾದ ಜಾಗದಲ್ಲೇ ಹಾಕಿ, ತಾನೊಮ್ಮೆ ಕೂತು ನೋಡದೆ ಗಿರಾಕಿಗೆ ಬಿಡುವುದಿಲ್ಲ. ಉಪ್ಪು ನೋಡದೆ ಯಾರಾದರೂ ಸಾರು ಬಡಿಸುತ್ತಾರೆಯೇ? ನಬಿಸಾಬನ ಅಪ್ಪ ಹಾಗೆ ಮಾಡಿದ್ದ, ಅಜ್ಜ ಹಾಗೆ ಮಾಡಿದ್ದ. ನಬಿಸಾಬನೂ “ಬಿಸ್ಮಿಲ್ಲಾ” ಎಂದು ನ್ಯಾಯಾಧೀಶರ ಕುರ್ಚಿಯ ಮೇಲೆ ಕೂತ. ಬಲಕ್ಕೆ ವಾಲಿದ, ಸರಿಯಿತ್ತು. ಎಡಕ್ಕೆ ವಾಲಿದ, ಸಣ್ಣದೊಂದು ಗಂಟು ತಗಲಿತು. ಅದು ಎಲ್ಲಿದೆ ಎಂದು ಕಣ್ಣು ಮುಚ್ಚಿ ಲಕ್ಷ್ಯ ಕೊಟ್ಟು ನೋಡುತ್ತಿದ್ದಾಗಲೇ ಮುನ್ಸಿಫರು ಒಳಗೆ ಬಂದರು. ಅವರ ಹಿಂದೆ ಊಟದ ಡಬ್ಬಿ ಹಿಡಿದುಕೊಂಡು ದೇವಿಂದ್ರಪ್ಪ.

“ಯಾರು ಅಲ್ಲಿ!”

ನಬಿಸಾಬ ಕಣ್ಣು ಬಿಟ್ಟ. ಗಡ್ಡಕ್ಕೆಲ್ಲ ಹತ್ತಿ ಮೆತ್ತಿತ್ತು. “ಸರಕಾರ, ಎಡಕ್ಕ ಒಂದು ಗಂಟದ. ಈಗ ತೆಗಿತೀನ್ರಿ.”

“ನೋಡ್ರಿ ಸಾಹೇಬ್ರ!” ದೇವಿಂದ್ರಪ್ಪ ಕೂಗಿದ. “ಮಂದಿ ಮನಿ ತನ್ನದು ಅಂತಾನಂತ ನಾ ಹೇಳಿದ್ದಿಲ್ಲೇನು? ಈಗ ನಿಮ್ಮ ಕುರ್ಚಿನೂ ತನ್ನದೇ ಅಂದಾನ!”

“ನ್ಯಾಯಪೀಠದ ಅಪಮಾನ!” ಮುನ್ಸಿಫರು ಜವಾನರನ್ನು ಕೂಗಿದರು. “ಹಿಡಿಯಿರಿ ಅವನನ್ನ. ನಬಿಸಾಬ, ಪಿಂಜಾರ, ಸಾಕಿನ್ ಕಮಲಾಪುರ. ಬರೆದುಕೊಳ್ಳಿ!”

ಹದಿನಾಲ್ಕು ತಿಂಗಳಲ್ಲಿ ಮುನ್ಸಿಫರು ನಬಿಸಾಬನ ಮುಖವನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು. ಈಗ ಅವನು ಎದುರಿಗಿದ್ದಾನೆ ಎನ್ನುವುದಕ್ಕೆ ಅವರಿಗೆ ಯಾವ ಕಾಗದವೂ ಬೇಕಾಗಲಿಲ್ಲ. ಜವಾನರಿಬ್ಬರು ನಬಿಸಾಬನನ್ನು ಎಳೆದೊಯ್ದು ಹಳೇ ಫೈಲುಗಳ ಖೋಲಿಗೆ ತಳ್ಳಿ ಚಿಲಕ ಹಾಕಿದರು. ಮಾಪಣ್ಣ ಎರಡು ಕಾಲಿಗೆ ಬುದ್ಧಿ ಹೇಳಿ ಓಣಿಗೆ ಓಡಿದ.

ಹನ್ನೊಂದಕ್ಕೆ ದೊಡ್ಡ ಜಡ್ಜ್ ಸಾಹೇಬರ ಸವಾರಿ ಬಂತು. ವಯಸ್ಸಾದವರು, ಬೆಳ್ಳಗಿನ ಮೀಸೆ. ಹೆದರಿ ಹೆದರಿ ಕುರ್ಚಿಯ ಮೇಲೆ ಇಳಿದರು. ಇಳಿದವರ ಮುಖ ಅರಳಿತು. ಉರ್ದುವಿನಲ್ಲಿ ಕೇಳಿದರು: “ಈ ಗಾದಿ ಮಾಡಿದವನು ಯಾರು? ಕರೆಯಿರಿ.”

“ಅವಗ ಒಳಗ ಹಾಕೀವ್ರಿ ಹುಜೂರ್” ಎಂದ ಮಾಣಿಕಪ್ಪ.

“ಯಾಕೆ?”

“ಗಾದಿ ಚಲೋ ಆಗ್ಯದೋ ಇಲ್ಲೋ ಅಂತ ಕೂತು ನೋಡಿದಾನ್ರೀ.”

ಸಾಹೇಬರು ಹೊಟ್ಟೆ ಕುಣಿಯುವಂತೆ ನಕ್ಕರು. ನಬಿಸಾಬನನ್ನು ತಂದು ನಿಲ್ಲಿಸಿದರು. “ಎಂಟು ವರ್ಷದಲ್ಲಿ ಮೊದಲ ಸಲ ಸುಖವಾಗಿ ಕೂತಿದ್ದೇನೆ. ಏನು ಬೇಕೋ ಕೇಳು.”

ಹೆಂಡತಿಯ ಮಾತು ನಬಿಸಾಬನ ಕಿವಿಯಲ್ಲೇ ಇತ್ತು. ಆದರೆ ಹದಿನೇಳು ತಿಂಗಳಲ್ಲಿ ಕೋರ್ಟಿನೊಳಗೆ ‘ಏನು ಬೇಕು’ ಎಂದು ಅವನನ್ನು ಕೇಳಿದವರು ಇವರೊಬ್ಬರೇ.

“ಮನಿ ಬೇಕ್ರೀ” ಎಂದ. ಆಮೇಲೆ ಬಾಯಿ ನಿಲ್ಲಲಿಲ್ಲ. ಬೀಗ, ಪಾಕಿಸ್ತಾನ, ಫೈಲಿನಲ್ಲಿಲ್ಲದ ಕಾಗದ, ಎಲ್ಲ ಬಂತು. ಕೊನೆಗೆ, “ಮುನ್ಸಿಫ್ ಸಾಹೇಬರು ಇರೂದು ದೇವಿಂದ್ರಪ್ಪನ ಮಾಳಿಗಿ ಮ್ಯಾಲ್ರೀ. ಆ ಡಬ್ಬಿನೂ ಅವನ ಮನೀದೇ” ಎಂದೂ ಬಂತು.

ಮುನ್ಸಿಫರು ಗೋಡೆಯ ಗಡಿಯಾರವನ್ನು ನೋಡಿದರು. ದೇವಿಂದ್ರಪ್ಪ ಡಬ್ಬಿಯನ್ನು ಧೋತರದ ಮರೆಗೆ ಸರಿಸಿ, “ಅತಿಥಿ ಅಂದ್ರ ದೇವರಲ್ರೀ ಹುಜೂರ್” ಎಂದ.

“ಎಷ್ಟು ದಿನದ ಅತಿಥಿ?”

“ಹದಿನಾಲ್ಕು ತಿಂಗಳಾತ್ರೀ.”

ದೊಡ್ಡ ಸಾಹೇಬರು ಮೇಜು ಗುದ್ದಿದರು. “ಒಬ್ಬ ಪಕ್ಷಗಾರನ ಅನ್ನ ತಿನ್ನುವವನು ಇನ್ನೊಬ್ಬನಿಗೆ ಏನು ನ್ಯಾಯ ಕೊಟ್ಟಾನು? ಸೂರ್ಯ ಮುಳುಗುವುದರೊಳಗೆ ಈ ಮನುಷ್ಯ ಈ ಕೋರ್ಟಿನಲ್ಲಿ ಇರಕೂಡದು. ಏ ಪಿಂಜಾರ, ನಾಲ್ಕಕ್ಕೆ ನಾನು ಇಳಿದಿರುವ ಐವಾನ್-ಎ-ಶಾಹಿ ಬಂಗಲೆಗೆ ಬಾ.”

ನಾಲ್ಕರ ಉರಿಬಿಸಿಲಿನಲ್ಲಿ ಇಡೀ ಓಣಿ ಐವಾನ್-ಎ-ಶಾಹಿಯ ಗೇಟಿನ ಹೊರಗೆ ನಿಂತಿತ್ತು. ಒಳಗೆ ಒದ್ದೆ ಮಾಡಿದ ಲಾವಂಚದ ತಟ್ಟಿಯ ಹಿಂದೆ ದೊಡ್ಡ ಸಾಹೇಬರು ಚಿಂತೆಯಲ್ಲಿ ಕೂತಿದ್ದರು. ತಪಾಸಣೆಯ ಜೊತೆಗೆ ಹೊಸ ಕೋರ್ಟುಗಳ ಏರ್ಪಾಟನ್ನೂ ಮಾಡಿ ಬರುವ ಅಧಿಕಾರ ಅವರಿಗಿತ್ತು. ಮುನ್ಸಿಫರ ಜಾಗಕ್ಕೆ ಈಗ ಯಾರನ್ನು ಕೂರಿಸುವುದು? ಹೈದರಾಬಾದಿಗೆ ಬರೆದರೆ ಜವಾಬು ಬರಲು ಆರು ತಿಂಗಳು ಬೇಕು.

“ಈ ಊರಲ್ಲಿ ಪ್ರಾಮಾಣಿಕ ವಕೀಲ ಒಬ್ಬನೂ ಇಲ್ಲವೇ?” ಎಂದು ಕೋರ್ಟಿನ ಗುಮಾಸ್ತನಾದ ಪೇಶಕಾರನನ್ನು ಕೇಳಿದರು. ಪೇಶಕಾರ ಒಂದೊಂದೇ ಹೆಸರು ಹೇಳಿದ. ಪ್ರತಿ ಹೆಸರಿನ ಕೊನೆಗೂ ‘ಆದರೆ’ ಎಂದು ಕೆಮ್ಮಿದ. ಬೇಸತ್ತ ಸಾಹೇಬರು ಬಾಗಿಲಲ್ಲಿ ನಿಂತಿದ್ದ ನಬಿಸಾಬನ ಕಡೆ ತಿರುಗಿದರು. “ನೀನು ಹೇಳು. ನಿನಗೆ ಯಾರಾದರೂ ಗೊತ್ತೇ?”

“ಗೊತ್ತಿರದೇನ್ರೀ ಹುಜೂರ್! ನಮ್ಮ ಸಲಾವುದ್ದೀನ್ ವಕೀಲ್ ಸಾಬ್. ಹದಿನೇಳು ತಿಂಗಳಿಂದ ನನ್ನ ಕೇಸು ನಡಸ್ಯಾರ, ಒಂದು ಪೈಸಾ ಮುಟ್ಟಿಲ್ಲ. ಒಮ್ಮಿ ಕಮಲಾಪುರದ ಕೆಂಪು ಬಾಳಿಹಣ್ಣು ಒಯ್ದು ಕೊಟ್ಟಿದ್ದೆ. ಬಜಾರದ ಧಾರಣಿ ಕೇಳಿ ರೊಕ್ಕ ಕೊಟ್ಟೇ ತಗೊಂಡ್ರು. ಅಷ್ಟು ಹಟಮಾರಿ ರೀ.”

“ಕರೆಸಿ ಅವರನ್ನ” ಎಂದರು ಸಾಹೇಬರು.

ಐದು ಗಂಟೆಗೆ ಸಲಾವುದ್ದೀನರು ಬಾವಿಕಟ್ಟಿ ಕೋರ್ಟಿನ ಹಂಗಾಮಿ ಮುನ್ಸಿಫರಾದರು. ಹಿಂದಿನವರು ಮಾವನ ಮಾತಿನ ಮೇಲೆ ಬಂದಿದ್ದರು, ಇವರು ಗಾದಿ ಮಾಡಿದವನ ಮಾತಿನ ಮೇಲೆ ಬಂದರು. ಪರೀಕ್ಷೆ ಪಾಸು ಮಾಡಿದವರ ಪಟ್ಟಿ ಆಗಲೂ ಮೇಜಿನ ಖಾನೆಯಲ್ಲೇ ಇತ್ತು. ಅದನ್ನು ಎಬ್ಬಿಸಬೇಕೆಂದು ಯಾರಿಗೂ ಅನಿಸಲಿಲ್ಲ. ನಮ್ಮ ಕಡೆಯವನು ಕುರ್ಚಿಗೆ ಬಂದಾಗ ಹೇಗೆ ಬಂದ ಎಂದು ಕೇಳುವುದು ನಮ್ಮಲ್ಲಿ ರೂಢಿಯಿಲ್ಲ.

“ನಬಿಸಾಬನ ವಕೀಲರೇ ಜಡ್ಜ್ ಆದ್ರೋ!” ಎಂದು ಮಾಪಣ್ಣ ಕೂಗಿದ. ಓಣಿಯವರು ನಬಿಸಾಬನನ್ನು ಅರ್ಧ ದಾರಿ ಹೊತ್ತುಕೊಂಡೇ ಬಂದರು.

“ಕೇಸು ಗೆದ್ದಂಗೇ ತಿಳಿ” ಎಂದಳು ಭೀಮಬಾಯಿ. “ಮತ್ತ ಅಮಾಸಿ ಗಿಮಾಸಿ ಅಂದಿದ್ದು ಮನಸಿಗೆ ಹಚ್ಕೋಬ್ಯಾಡ, ಬೇಕಾದಷ್ಟು ದಿನ ಇರು. ಹಂಗೇ ಬಾಜೂ ಮನಿಯವರು ತಮ್ಮ ಬಚ್ಚಲ ನೀರು ನನ್ನ ಕಡಿ ಬಿಟ್ಟಾರ. ನಿಮ್ಮ ಸಾಹೇಬರ ಕಿವಿಮ್ಯಾಲ ಒಂದು ಮಾತು ಹಾಕು.”

ಮಾಪಣ್ಣನಿಗೆ ತಮ್ಮನ ಮೇಲೆ ಒಂದು ದಾವೆ ಹಾಕಬೇಕಿತ್ತು. ನಾಜರ ಮಾಣಿಕಪ್ಪ ಬಂದು ಮಗನ ನೌಕರಿಯ ಮಾತೆತ್ತಿದ. ನಿನ್ನೆಯವರೆಗೆ ಮುನ್ಸಿಫರ ಮಾಳಿಗೆಯನ್ನು ಮನಸ್ಸಿನಲ್ಲೇ ಬೈಯುತ್ತಿದ್ದ ಓಣಿ ಅರ್ಧ ತಾಸಿನಲ್ಲಿ ನಬಿಸಾಬನ ಖೋಲಿಯನ್ನೇ ಮಾಳಿಗೆ ಮಾಡಿಬಿಟ್ಟಿತು.

ಶಾಹಜಾದಿ ಇದಾವುದನ್ನೂ ಕೇಳಿಸಿಕೊಳ್ಳದೆ, ಕಮಲಾಪುರಕ್ಕೆ ಹೊರಡಲೆಂದು ಬೋಗುಣಿಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಎರಡು ವರ್ಷದಲ್ಲಿ ಅವಳು ನಕ್ಕದ್ದು ಆಗಲೇ. ಅದನ್ನು ಬರೆಯಲು ನನಗೆ ಸಂಕಟವಾಗುತ್ತದೆ. ಆದರೆ ಅವಳು ನಕ್ಕದ್ದು ಮಾತ್ರ ನಿಜ.

ಸಂಜೆ ಆರರ ಸುಮಾರಿಗೆ ನಬಿಸಾಬ ಒಂದು ಹೂವಿನ ಹಾರ ತಗೊಂಡು ಸಲಾವುದ್ದೀನರ ಮನೆಗೆ ಹೋದ. ಹೊಸ ಮುನ್ಸಿಫರು ಪಡಸಾಲೆಯಲ್ಲಿ ಒಂದು ಫೈಲು ಮುಂದಿಟ್ಟುಕೊಂಡು, ಮನೆಯಲ್ಲಿ ಸಾವಾದವರ ಹಾಗೆ ಕೂತಿದ್ದರು.

“ಅಲ್ಲೇ ನಿಂದ್ರು ನಬಿಸಾಬ್. ಒಳಗ ಬರಬ್ಯಾಡ.”

“ಯಾಕ್ರೀ ವಕೀಲ್ ಸಾಬ್?”

“ನಾ ಈಗ ನಿನ್ನ ವಕೀಲ ಅಲ್ಲ.”

“ಗೊತ್ತದ್ರೀ, ಜಡ್ಜ್ ಸಾಬ್!” ನಬಿಸಾಬ ಹಲ್ಲು ಕಿರಿದ.

“ನಿನ್ನ ಕೇಸಿಗೆ ಜಡ್ಜನೂ ಅಲ್ಲ” ಎಂದರು ಸಲಾವುದ್ದೀನರು. “ನಿನ್ನ ಪರ ವಾದ ಮಾಡಿದ ಬಾಯಿಲೇ ನಿನ್ನ ಪರ ಫೈಸಲಾ ಹೇಳಿದ್ರ ಅದು ನ್ಯಾಯ ಆಗ್ತದೇನು? ಅವರು ದೇವಿಂದ್ರಪ್ಪನ ಅನ್ನ ತಿಂದು ಕೂತಿದ್ದು ತಪ್ಪಾದ್ರ, ನಾ ನಿನ್ನ ವಕಾಲತ್ತು ಹಿಡದು ಕೂಡೂದೂ ತಪ್ಪೇ. ಕುರ್ಚಿಗೆ ಬಂದ ಮ್ಯಾಲ ನಾ ಮಾಡಿದ ಮೊದಲನೇ ಹುಕುಂ ಇದೇ. ನಿನ್ನ ಫೈಲು ನಾ ಮುಟ್ಟಂಗಿಲ್ಲ.”

ನಬಿಸಾಬ ಆ ಮಾತಿನಲ್ಲಿ ಒಂದಾದರೂ ತಪ್ಪು ಹುಡುಕಲು ನೋಡಿದ, ಸಿಗಲಿಲ್ಲ. ಊರಿಗೆ ಒಬ್ಬ ನೀತಿವಂತ ಇದ್ದ, ಅವನು ತನ್ನ ಪಾಲಿಗೆ ಇದ್ದ. ತಾನೇ ಅವನನ್ನು ಎತ್ತಿ ಕೈಗೆಟುಕದ ಜಾಗದಲ್ಲಿ ಇಟ್ಟು ಬಂದಿದ್ದ.

“ಮತ್ತ ನನ್ನ ಮನಿ?”

“ಬ್ಯಾರೆ ಕೋರ್ಟಿಗೆ ಕಳಿಸೀನಿ. ಹಳ್ಳಿ ಕೇಸು ಹಳ್ಳ್ಯಾಗೇ ತೀರಲಿ ಅಂತ ಊರೂರು ತಿರಗೋ ದೌರೆ ಕೋರ್ಟು ಹೊಸದಾಗಿ ಮಾಡ್ಯಾರ. ಕಮಲಾಪುರದಾಗ ನಾಳಿ ಬಿಟ್ಟು ನಾಡದ ಶುರು.”

ನಬಿಸಾಬನಿಗೆ ಹೋದ ಜೀವ ಬಂದಂತಾಯಿತು. “ಚಲೋನೇ ಆತಲ್ರೀ! ಅಲ್ಲಿ ಮಾನಮ್ಮ ಇದ್ದಾಳ, ಊರ ಮಂದಿ ಎಲ್ಲಾ ನನ್ನ ಮಾರಿ ಗುರ್ತು ಹಿಡೀತಾರ. ಜಡ್ಜ್ ಯಾರ್ರೀ?”

ಸಲಾವುದ್ದೀನರು ಚಷ್ಮಾ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದರು.

“ದೊಡ್ಡ ಸಾಹೇಬರು ಮಾತಿಗೆ ತಪ್ಪಲಿಲ್ಲ. ಸೂರ್ಯಾ ಮುಳುಗೂದ್ರೊಳಗ ಮುನ್ಸಿಫರನ್ನ ಈ ಕೋರ್ಟಿಂದ ತಗದ್ರು. ತಗದು ಒಂದು ದರ್ಜಾ ಮ್ಯಾಲ ಹಾಕ್ಯಾರ. ದೌರೆ ಜಡ್ಜ್ ಅವರೇ.”

“ಮ್ಯಾಲ? ತಪ್ಪು ಮಾಡಿದವರನ್ನ ಮ್ಯಾಲ ಹಾಕ್ತಾರೇನ್ರೀ?”

“ಚೌಕಸಿ, ಅಂದ್ರ ವಿಚಾರಣಿ, ಇಲ್ಲದೇ ಕೆಳಗ ಇಳಸ್ಲಾಕ ಕಾಯ್ದೆ ಇಲ್ಲ. ಮ್ಯಾಲ ಏರಸ್ಲಾಕ ಏನೂ ಬೇಕಾಗಿಲ್ಲ. ಇನ್ನ ಚೌಕಸಿ ಅಂದ್ರ, ಮುನ್ಸಿಫರ ಮ್ಯಾಲಿನ ತಕರಾರು ಅವರಿಗಿಂತ ಮ್ಯಾಲಿನ ದರ್ಜಾದವರೇ ನೋಡಬೇಕು. ಕಮಲಾಪುರದ ಕಡಿಂದು ಯಾವ ತಕರಾರಿದ್ರೂ ಈಗ ಆ ದರ್ಜಾದವರು ಅಂದ್ರ ದೌರೆ ಜಡ್ಜರು ಒಬ್ಬರೇ. ತಮ್ಮ ತಪ್ಪು ತಾವೇ ನೋಡಬೇಕು.”

ನಬಿಸಾಬನ ಕೈಯಲ್ಲಿ ಹಾರ ಬಾಡುತ್ತಿತ್ತು. ಏನಾದರೂ ಸಮಾಧಾನ ಹೇಳಬೇಕೆಂದು ಸಲಾವುದ್ದೀನರಿಗೆ ಅನಿಸಿರಬೇಕು. “ಆದ್ರ ನೀ ಬಾಯಿ ತಗದದ್ದು ಪೂರಾ ದಂಡ ಆಗಿಲ್ಲ. ಇನ್ನ ಅವರು ದೇವಿಂದ್ರಪ್ಪನ ಮಾಳಿಗಿ ಮ್ಯಾಲ ಪುಕ್ಕಟೆ ಇರಂಗಿಲ್ಲ. ದೊಡ್ಡ ಸಾಹೇಬರು ಖಡಕ್ ಆಗಿ ಬರದಾರ.”

“ಮತ್ತ ಎಲ್ಲಿರ್ತಾರ್ರೀ?”

“ಕಮಲಾಪುರದಾಗ ಸರಕಾರಿ ಇಮಾರತು ಇಲ್ಲ. ಕೋರ್ಟಿಗೂ ಸಾಹೇಬರಿಗೂ ಅಂತ ಒಂದು ಖಾಲಿ ಮನಿ ಸರಕಾರವೇ ಬಾಡಿಗಿ ಹಿಡದದ. ಮಾಲಕ ಅಂತ ದೇವಿಂದ್ರಪ್ಪ ಸಹಿ ಮಾಡ್ಯಾನ, ಸರಕಾರದ ಸಿಕ್ಕಾನೂ ಬಿದ್ದದ.”

ಹದಿನೇಳು ತಿಂಗಳಲ್ಲಿ ಒಂದು ಅಂಗುಲ ಅಲುಗದಿದ್ದ ಸರಕಾರದ ಕಾಗದ, ಆ ಮಧ್ಯಾಹ್ನ ಮೂರು ತಾಸಿನಲ್ಲಿ ಎಲ್ಲ ಮೇಜು ಸುತ್ತಿ ಬಂದಿತ್ತು.

“ಯಾವ ಮನಿ ರೀ?” ನಬಿಸಾಬ ಕೇಳಿದ. ಕೇಳುವಾಗಲೇ ಅವನಿಗೆ ಗೊತ್ತಾಗಿತ್ತು.

ಸಲಾವುದ್ದೀನರು ಫೈಲಿನಿಂದ ಮುಖ ಎತ್ತಲಿಲ್ಲ. “ಮಸೂತಿ ಹಿಂದಿನ ಓಣಿ. ಪಿಂಜಾರ ಮನಿ ಅಂತ ಬರದಾರ.”

ನಬಿಸಾಬ ಬಾಡಿದ ಹಾರವನ್ನು ಹೊಸ್ತಿಲ ಮೇಲಿಟ್ಟ. ಆಮೇಲೆ ಬಹಳ ಮೆತ್ತಗೆ ಕೇಳಿದ: “ನಾ ಅಲ್ಲಿಗಿ ಯಾವಾಗ ಹೋಗಬೇಕ್ರೀ?”

“ನಾಡದ ಮುಂಜಾನಿ ಹತ್ತಕ್ಕ. ತಡ ಮಾಡಬ್ಯಾಡ, ಆ ಸಾಹೇಬರಿಗೆ ಸಿಟ್ಟು ಬರ್ತದ” ಎಂದು ಸಲಾವುದ್ದೀನರು ಸಮನ್ಸಿನ ಕಾಗದ ಬಿಡಿಸಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದರು: “ಹೆಸರು ಕೂಗುವ ತನಕ ಪಕ್ಷಗಾರರು ಮನೆಯ ಹೊರಗೆ ನಿಂತಿರತಕ್ಕದ್ದು.”